ಐರ್ಲೆಂಡಿನ ವಕೀಲರು, ನಮ್ಮ ಮುಚ್ಚಳ

ನಮ್ಮ ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ನಿನ ಹಿಂದೆ ಒಂದು ಮುಚ್ಚಳ ನಿಂತಿದೆ. ಮಲಗಿಸಿದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅಷ್ಟು ದೊಡ್ಡದು. ಮನೆಗೆ ಬಂದವರೆಲ್ಲ ಅದನ್ನು ನೋಡಿ ಒಂದೇ ಪ್ರಶ್ನೆ ಕೇಳುತ್ತಾರೆ, "ಇದರ ಪಾತ್ರೆ ಎಲ್ಲಿ?" ಪಾತ್ರೆ ಇದೇ ಸೊಸೈಟಿಯ ಸಿ ಬ್ಲಾಕಿನಲ್ಲಿ, ಸುಬೇದಾರ್ ಪೂಣಚ್ಚನವರ ಮನೆಯಲ್ಲಿದೆ. ಪಾತ್ರೆ ಅಲ್ಲಿ, ಮುಚ್ಚಳ ಇಲ್ಲಿ ಯಾಕೆ ಎಂದು ಯಾರಾದರೂ ಕೇಳಿದರೆ ಮಾತನ್ನು ಐರ್ಲೆಂಡಿನಿಂದ ಶುರು ಮಾಡಬೇಕಾಗುತ್ತದೆ.

ಇಷ್ಟು ವರ್ಷ ಆ ಕಥೆ ಹೇಳುವ ಕೆಲಸ ನಮ್ಮವರದಾಗಿತ್ತು. ಕಳೆದ ಮಾರ್ಚಿನಲ್ಲಿ ಅವರು ತೀರಿಕೊಂಡರು. ಈಗ ನಾನೇ ಹೇಳಬೇಕು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಐರ್ಲೆಂಡ್ ಭೂಪಟದಲ್ಲಿ ಎಲ್ಲಿದೆ ಎಂದು ಥಟ್ಟನೆ ತೋರಿಸು ಎಂದರೆ ಇವತ್ತಿಗೂ ಬೆರಳು ಸ್ವಲ್ಪ ಅಲೆದಾಡುತ್ತದೆ. ಆದರೆ ಅಲ್ಲಿಯ ಒಬ್ಬ ಹಿರಿಯ ಮನುಷ್ಯರ ಶೀತ, ನೆಗಡಿ, ಸೊಂಟನೋವುಗಳನ್ನು ನಾನು ಬಲ್ಲಷ್ಟು ಘಾಜಿಯಾಬಾದಿನಲ್ಲಿ ಬೇರೆ ಯಾರೂ ಬಲ್ಲರೆಂದು ನನಗನ್ನಿಸುವುದಿಲ್ಲ.

ನಮ್ಮವರು, ಅಂದರೆ ನರಸಿಂಹಮೂರ್ತಿಯವರು, ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಮ್ಮ ಸಂಸಾರ ಆಗ ಆರ್.ಕೆ.ಪುರಂನ ಕ್ವಾರ್ಟರ್ಸ್‌ನಲ್ಲಿತ್ತು. ಇಲಾಖಾ ಪರೀಕ್ಷೆಗೆ ಇಂಗ್ಲಿಷ್ ಗಟ್ಟಿಯಾಗಬೇಕು ಎಂದು ಒಂದು ಭಾನುವಾರ ದರಿಯಾಗಂಜಿನ ಫುಟ್‌ಪಾತಿಗೆ ಹೋಗಿ, ಹಳೇ ಪುಸ್ತಕಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸಿ ತಂದರು. ದಪ್ಪ ಪುಸ್ತಕದಲ್ಲಿ ಇಂಗ್ಲಿಷ್ ಜಾಸ್ತಿ ಇರುತ್ತದೆ ಎಂಬುದು ಅವರ ಲೆಕ್ಕ. ರಟ್ಟು ಇರಲಿಲ್ಲ, ಮೊದಲ ಹಾಳೆಗಳಿರಲಿಲ್ಲ, ಕೊನೆಯ ಹಾಳೆಗಳೂ ಹರಿದು ಹೋಗಿದ್ದವು. ಮನೆಗೆ ತಂದು ಓದಿದಾಗ ಗೊತ್ತಾಯಿತು, ಅದು ಐರ್ಲೆಂಡಿನ ಒಬ್ಬ ರಾಜಕೀಯ ನಾಯಕರ ಜೀವನಚರಿತ್ರೆ. ಆ ನಾಯಕರು ಮೊದಲು ದೊಡ್ಡ ವಕೀಲರಾಗಿದ್ದರಂತೆ. ಹೆಸರು ನನ್ನ ನಾಲಗೆಗೆ ಕೊನೆಯವರೆಗೂ ಬಗ್ಗಲಿಲ್ಲ. ಮನೆಯಲ್ಲಿ ಅವರು "ವಕೀಲರು" ಅಷ್ಟೇ.

ಪರೀಕ್ಷೆ ಮೂರನೆಯ ಸಲಕ್ಕೆ ಪಾಸಾಯಿತು. ಪುಸ್ತಕ ಮಾತ್ರ ಮನೆ ಬಿಟ್ಟು ಹೋಗಲಿಲ್ಲ. ಕೆಲವು ಮನೆಗಳಲ್ಲಿ ಬೆಳಗ್ಗೆ ಪಾರಾಯಣ ನಡೆಯುವ ಹಾಗೆ ನಮ್ಮ ಮನೆಯಲ್ಲಿ ವಕೀಲರ ನಾಲ್ಕು ಪುಟ ನಡೆಯುತ್ತಿತ್ತು. ಆ ವಕೀಲರು ಕೋರ್ಟಿನಲ್ಲಿ ಸಣ್ಣ ಸಣ್ಣ ಪ್ರಶ್ನೆ ಕೇಳಿ ಸಾಕ್ಷಿಗಳ ಬೆವರಿಳಿಸುತ್ತಿದ್ದರಂತೆ. ಕೋರ್ಟು ಸಿಗದ ನಮ್ಮವರು ತರಕಾರಿ ಗಾಡಿಯವನನ್ನು ಹಿಡಿದರು.

"ಭಯ್ಯಾ, ಈ ಬೆಂಡೆಕಾಯಿ ಇವತ್ತಿನದು ಅಂತ ನೀನು ಹೇಳ್ತೀಯ?"

"ಹಾಂ ಬಾಬೂಜಿ."

"ನಿನ್ನೆಯೂ ಇದೇ ಬೆಂಡೆಕಾಯಿ ತೋರಿಸಿ ಇವತ್ತಿನದು ಅಂದಿದ್ದೆ. ಹೌದೋ ಅಲ್ಲವೋ?"

"ಹೌದು ಬಾಬೂಜಿ. ನಿನ್ನೆ ಅದು ಇವತ್ತೇ ಆಗಿತ್ತಲ್ಲ."

ಸಾಕ್ಷಿ ಬೆವರಲಿಲ್ಲ. ನಮ್ಮವರು ಬೆಂಡೆಕಾಯಿ ತಂದರು.

ವಕೀಲರಿಂದ ಅವರು ಪೂರ್ತಿಯಾಗಿ ಕಲಿತ ವಿದ್ಯೆ ಎಂದರೆ ಆರೋಗ್ಯದ ಚಿಂತೆ. ಆ ಮಹಾನುಭಾವರು ಜೀವನವಿಡೀ "ನನ್ನ ಮೈ ಸರಿ ಇಲ್ಲ, ಇನ್ನು ಹೆಚ್ಚು ದಿನ ಇಲ್ಲ" ಎಂದು ಕಾಗದ ಬರೆಯುತ್ತಲೇ ಇದ್ದರಂತೆ. ಓದುತ್ತ ಓದುತ್ತ ಇವರಿಗೂ ಅಂಟಿತು. ದೆಹಲಿಯಲ್ಲಿ ನವೆಂಬರ್ ಬಂತೆಂದರೆ ಸಾಕು, ಮಫ್ಲರ್ ಸುತ್ತಿಕೊಂಡು, "ಶಾರದಾ, ಈ ಚಳಿಗಾಲ ನಾನು ದಾಟಲ್ಲ" ಎನ್ನುತ್ತಿದ್ದರು. ಮೊದಲ ವರ್ಷ ನಾನು ಅತ್ತೆ. ಎರಡನೆಯ ವರ್ಷದಿಂದ, "ಏನೂ ಆಗಲ್ಲ, ಸ್ವೆಟರ್ ಹಾಕ್ಕೊಳ್ಳಿ" ಎನ್ನತೊಡಗಿದೆ. ಮೂವತ್ತು ಚಳಿಗಾಲ ಈ ಎರಡು ವಾಕ್ಯಗಳ ಮೇಲೆ ಕಳೆಯಿತು.

ಇನ್ನು ರಾಜಕೀಯ. ಡಿಸೆಂಬರಿನ ಒಂದು ಮಧ್ಯಾಹ್ನ ಕ್ವಾರ್ಟರ್ಸ್‌ನ ಮುಂದಿನ ಹುಲ್ಲಿನ ಮೇಲೆ ಬಿಸಿಲಿಗೆ ಚಾಪೆ ಹಾಕಿ ನಾನು ಬಟಾಣಿ ಬಿಡಿಸುತ್ತಿದ್ದೆ. ಇವರು ಪಕ್ಕದಲ್ಲಿ ಕುಳಿತು ಕಾಳುಗಳನ್ನು ತಟ್ಟೆಯಲ್ಲಿ ಗುಡ್ಡೆ ಮಾಡಿದರು.

"ಇದು ಐರ್ಲೆಂಡ್. ಅಲ್ಲಿನ ಬಹಳ ಜನ ಬ್ರಿಟನ್ನಿಂದ ಬೇರೆ ಆಗಬೇಕು ಅಂದರು. ವಕೀಲರು, ಬೇಡ, ಇಡೀ ದೇಶ ಬ್ರಿಟನ್ ಜೊತೆಗೇ ಇರಲಿ ಅಂದರು. ಹುಟ್ಟಿದ್ದು ದಕ್ಷಿಣದಲ್ಲಿ, ಹಿಂದೆ ನಿಂತವರು ಉತ್ತರದವರು. ಲಕ್ಷಗಟ್ಟಲೆ ಜನ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರು. ಕೆಲವರು ರಕ್ತದಲ್ಲಿ ಹಾಕಿದರಂತೆ!"

"ಆಮೇಲೆ?"

"ಆಮೇಲೆ ಏನು, ದೇಶವೇ ಎರಡಾಯ್ತು." ಅವರು ಮೂಲೆಗೆ ಆರು ಕಾಳು ಸರಿಸಿದರು. "ಉತ್ತರದ ಆರು ಜಿಲ್ಲೆ ಮಾತ್ರ ಬ್ರಿಟನ್ ಜೊತೆ ಉಳಿಯಿತು. ನೀವೇ ಇದಕ್ಕೆ ಮುಖ್ಯಸ್ಥರಾಗಿ ಅಂದರು. ವಕೀಲರು ಒಪ್ಪಲಿಲ್ಲ. ಅವರು ಕೇಳಿದ್ದು ಇದಲ್ಲವಲ್ಲ."

ನನಗೆ ಆ ವಕೀಲರ ಮೇಲೆ ಮರುಕ ಬಂತು. ಆದರೆ ಕುಕ್ಕರ್ ಕಾಯುತ್ತಿತ್ತು. ಎರಡೂ ಐರ್ಲೆಂಡನ್ನು ಒಟ್ಟಿಗೆ ಬಾಚಿ ಪಲಾವಿಗೆ ಹಾಕಿದೆ.

ಬಟಾಣಿ ಎಂದ ಕೂಡಲೆ ನನಗೆ ಅರಸೀಕೆರೆಯ ನಮ್ಮ ಮನೆಯ ಹುಣಸೆಬೀಜದ ನೆನಪು. ನಾನೂ ನನ್ನ ತಂಗಿ ವಿಮಲಾಳೂ ಅಳಗುಳಿಮಣೆಗಾಗಿ ಜುಟ್ಟು ಹಿಡಿದು ಜಗಳವಾಡುತ್ತಿದ್ದೆವು. ಮಾತು ಬಿಟ್ಟರೆ ವಾರಗಟ್ಟಲೆ ಬಿಡುತ್ತಿದ್ದೆವು. ಅಮ್ಮ ಒಂದು ದಿನ ಬೈಯದೆ, ಹೊಡೆಯದೆ, ಮಣೆಯನ್ನು ವಿಮಲಾಳ ಕೈಗೆ ಕೊಟ್ಟರು, ಬೀಜದ ಚೀಲವನ್ನು ನನ್ನ ಕೈಗೆ. "ಇಬ್ಬರಿಗೂ ಒಂದೊಂದು. ಇನ್ನು ಗಲಾಟೆ ಬೇಡ" ಎಂದು ಒಳಗೆ ಹೋದರು. ನಾನು ಎರಡು ದಿನ ಚೀಲ ಅಲ್ಲಾಡಿಸಿಕೊಂಡು ಬಿಂಕದಿಂದ ಓಡಾಡಿದೆ. ಅವಳು ಎರಡು ದಿನ ಮಣೆಯನ್ನು ತಲೆದಿಂಬು ಮಾಡಿಕೊಂಡಳು. ಇರಲಿ, ಎಲ್ಲಿಂದ ಎಲ್ಲಿಗೋ ಹೋದೆ.

ನಿವೃತ್ತಿಯಾದ ಮೇಲೆ ಘಾಜಿಯಾಬಾದಿನಲ್ಲಿ ಫ್ಲಾಟ್ ತೆಗೆದುಕೊಂಡೆವು. ದೆಹಲಿಯ ಗಡಿ ದಾಟಿದರೆ ರಾಜ್ಯವೇ ಬೇರೆ, ಉತ್ತರ ಪ್ರದೇಶ. ನಮ್ಮವರು ಮಾತ್ರ ಅದನ್ನು ಒಪ್ಪಲಿಲ್ಲ. ಊರಿನವರು ಫೋನಿನಲ್ಲಿ ಎಲ್ಲಿದ್ದೀರಿ ಎಂದರೆ "ದೆಹಲಿ" ಎನ್ನುತ್ತಿದ್ದರು. ಆಟೋದವನು ಗಡಿಯಲ್ಲಿ ನಿಲ್ಲಿಸಿ, "ಆಗೇ ನಹೀಂ ಜಾಯೇಗಾ, ಯುಪಿ ಹೈ" ಎಂದರೂ ಇವರು ಸೀಟಿನಿಂದ ಇಳಿಯದೆ ವಾದ ಮಾಡುತ್ತಿದ್ದರು. ಕೊನೆಗೆ ಚೀಲ ಹಿಡಿದು ಇಳಿದು ನಡೆಯುತ್ತಿದ್ದವಳು ನಾನು.

ಈ ಸೊಸೈಟಿಯಲ್ಲೂ ಅಕ್ಕಪಕ್ಕದಲ್ಲೂ ಸೇರಿ ಮೂವತ್ತು ಕನ್ನಡದ ಮನೆಗಳು. ಆರ್.ಕೆ.ಪುರಂನ ನಮ್ಮ ಹಳೆಯ ಸೆಕ್ಟರಿನಲ್ಲಿ ಒಂದು ಪುಟ್ಟ ಕನ್ನಡ ಕೂಟವಿತ್ತು. ನಾವು ಅದರ ಶಾಖೆ. ಕೂಟದವರು ತಮ್ಮ ಹಳೆಯ ಸಾಮಾನನ್ನೆಲ್ಲ ಟೆಂಪೋದಲ್ಲಿ ಹಾಕಿ ನಮಗೆ ಕಳಿಸಿದ್ದರು. ಅದರಲ್ಲಿ ನೂರು ಜನಕ್ಕೆ ಬಿಸಿಬೇಳೆಬಾತ್ ಆಗುವ ಆ ದೊಡ್ಡ ಪಾತ್ರೆಯೂ ಇತ್ತು.

ಸುಬೇದಾರ್ ಪೂಣಚ್ಚನವರು ಕೊಡಗಿನವರು. ಸೈನ್ಯದಿಂದ ನಿವೃತ್ತರು. ನೆಟ್ಟಗೆ ನಿಲ್ಲುವ, ನೆಟ್ಟಗೆ ಮಾತಾಡುವ ಮನುಷ್ಯ. ನಮ್ಮವರಿಗೆ ಇಲ್ಲಿ ಇದ್ದ ಒಬ್ಬನೇ ಆಪ್ತ ಗೆಳೆಯ. ಬೆಳಗಿನ ವಾಕಿಂಗ್ ಜೊತೆಗೆ, ಜಗಳವೂ ಜೊತೆಗೆ.

"ಅಲ್ಲ ಮೂರ್ತಿ, ಬ್ರಿಟಿಷರನ್ನ ಓಡಿಸೋಕೆ ನಮ್ಮ ಜನ ಜೈಲಿಗೆ ಹೋದ್ರು. ನೀನು ನೋಡಿದ್ರೆ ಬ್ರಿಟಿಷರನ್ನ ಬಿಟ್ಟು ಬರಲ್ಲ ಅಂದೋನ ಪುಸ್ತಕ ತಲೆ ಹತ್ರ ಇಟ್ಕೊಂಡು ಮಲಗ್ತೀಯಲ್ಲ!"

"ನಾನು ಅವರ ಪಕ್ಷ ಒಪ್ಪಿಲ್ಲ ಕಣಯ್ಯ. ಅವರ ಹಟ ಒಪ್ಪಿದೀನಿ."

"ಹಟ ನೋಡೋಕೆ ಪುಸ್ತಕ ಯಾಕಪ್ಪ, ಮನೇಲಿ ಕನ್ನಡಿ ಇಲ್ವಾ?"

ಆರು ವರ್ಷದ ಹಿಂದೆ ಪೂಣಚ್ಚನವರು ಒಂದು ಮಾತು ಎತ್ತಿದರು. ಪ್ರತಿ ರಾಜ್ಯೋತ್ಸವಕ್ಕೂ ಮೆಟ್ರೋ ಬದಲಾಯಿಸಿ, ಆಟೋ ಹಿಡಿದು ಆರ್.ಕೆ.ಪುರಂಗೆ ಹೋಗಿಬರುವುದರಲ್ಲಿ ಮಂಡಿ ಸವೆಯಿತು. ಘಾಜಿಯಾಬಾದಿಗೆ ನಮ್ಮದೇ ಕೂಟ ಇರಲಿ, ಇಲ್ಲೇ ಆಚರಿಸೋಣ. ನ್ಯಾಯವಾದ ಮಾತು. ನನ್ನ ಮಂಡಿಯೂ ಅದನ್ನೇ ಹೇಳುತ್ತಿತ್ತು. ಆದರೆ ಇವರು ಚಹಾದ ಲೋಟವನ್ನು ಕುಟ್ಟಿ ಕೆಳಗಿಟ್ಟರು. ಅವರ ದವಡೆ ಗಟ್ಟಿಯಾದದ್ದು ನೋಡಿ ನನಗೆ ಗೊತ್ತಾಯಿತು, ವಕೀಲರು ಮೈಮೇಲೆ ಬಂದರು.

ಮಾರನೆಯ ದಿನವೇ ಪ್ರತಿಜ್ಞಾಪತ್ರ ಸಿದ್ಧ. "ಕೆಳಗೆ ಸಹಿ ಮಾಡಿದ ನಾವು ಮೂಲ ಕೂಟವನ್ನು ಎಂದಿಗೂ ಬಿಟ್ಟುಹೋಗುವುದಿಲ್ಲ." ಮನೆಮನೆಗೆ ಹೋದರು. ಐದು ಮನೆಯವರು ಸಹಿ ಮಾಡಿದರು. ಎದುರುಮನೆಯ ಭಾಟಿಯಾ ಆಂಟಿಯೂ ನೀರಿನ ಟ್ಯಾಂಕರಿಗೆ ಅರ್ಜಿ ಎಂದುಕೊಂಡು ಸಹಿ ಹಾಕಿಬಿಟ್ಟರು. ಇವರು ಅವರನ್ನು ತಡೆಯಲಿಲ್ಲ. ಕೊನೆಗೆ ತಮ್ಮ ಸಹಿಯನ್ನು ರಕ್ತದಲ್ಲೇ ಹಾಕುತ್ತೇನೆಂದು ಹೊರಟರು. ಮನೆಯಲ್ಲಿದ್ದ ಆಯುಧ ಶುಗರ್ ನೋಡುವ ಸೂಜಿ ಒಂದೇ. ಕಣ್ಣು ಮುಚ್ಚಿಕೊಂಡು ಬೆರಳಿಗೆ ಚುಚ್ಚಿದರು. ಬಂದ ಹನಿಯಲ್ಲಿ 'ನ' ಎಂಬ ಒಂದು ಅಕ್ಷರ ಆಯಿತು. "ಇನ್ನೊಂದು ಚುಚ್ಚಲೇ?" ಎಂದೆ. "ಸಾಕು" ಎಂದು ಉಳಿದ ನರಸಿಂಹಮೂರ್ತಿಯನ್ನು ಬಾಲ್‌ಪೆನ್ನಿನಲ್ಲಿ ಬರೆದರು.

ಇಪ್ಪತ್ತನಾಲ್ಕು ಮನೆ ಆ ಕಡೆ, ನಮ್ಮದೂ ಸೇರಿ ಆರು ಮನೆ ಈ ಕಡೆ. "ಆರು!" ಎಂದು ಇವರು ಹಣೆ ಒತ್ತಿಕೊಂಡರು. ಆರು ಮನೆಯ ಶಾಖೆಗೆ ಅಧ್ಯಕ್ಷರಾಗಿ ಎಂದರೆ, "ನಾನು ಕೇಳಿದ್ದು ಇದಲ್ಲ" ಎಂದು ಒಪ್ಪಲಿಲ್ಲ. ಶಾಖೆಗೆ ಆರು ವರ್ಷ ಅಧ್ಯಕ್ಷರೇ ಇರಲಿಲ್ಲ. ಯಾರೂ ಗಮನಿಸಲೂ ಇಲ್ಲ.

ಸಾಮಾನು ಹಂಚುವ ದಿನ ಬಂತು. ಪಟ್ಟಿ ಬರೆದವರು ನಮ್ಮವರೇ. ಮೂವತ್ತೈದು ವರ್ಷ ಕಚೇರಿಯಲ್ಲಿ ಕುರ್ಚಿಗೊಂದು ಸಂಖ್ಯೆ, ಕುರ್ಚಿಯ ದಿಂಬಿಗೊಂದು ಸಂಖ್ಯೆ ಕೊಟ್ಟ ಕೈ ಅದು. ಬೆಸ ಸಂಖ್ಯೆ ಆ ಕಡೆಗೆ, ಸಮ ಸಂಖ್ಯೆ ಈ ಕಡೆಗೆ ಎಂದು ಪೂಣಚ್ಚನವರು ಹೇಳಿದರು. ನಿಯಮ ಚೆನ್ನಾಗಿದೆ ಎಂದು ಇವರು ಒಪ್ಪಿ ಗಟ್ಟಿಯಾಗಿ ಓದತೊಡಗಿದರು. ಕ್ರಮಸಂಖ್ಯೆ ಐದು, ಮೈಕು. ಆರು, ಮೈಕಿನ ಸ್ಟ್ಯಾಂಡು. ಏಳು, ದೊಡ್ಡ ಪಾತ್ರೆ. ಎಂಟು ಎನ್ನುವಷ್ಟರಲ್ಲಿ ಅವರ ದನಿ ಇಳಿಯಿತು. "ಎಂಟು, ಪಾತ್ರೆಯ ಮುಚ್ಚಳ."

ಬದಲಾಯಿಸಿಕೊಳ್ಳೋಣ ಎಂದು ಒಬ್ಬರು ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಇವರು ಬಿಡಲಿಲ್ಲ, ಅವರೂ ಬಿಡಲಿಲ್ಲ. ಪಾತ್ರೆ ಸಿ ಬ್ಲಾಕಿಗೆ ಹೋಯಿತು. ಮುಚ್ಚಳವನ್ನು ಇವರು ಗುರಾಣಿಯ ಹಾಗೆ ಹಿಡಿದು ಮನೆಗೆ ಬಂದರು.

ಆಮೇಲೆ ಆರು ವರ್ಷ ಮಾತಿಲ್ಲ. ವಾಕಿಂಗ್ ಹೊತ್ತು ಇಬ್ಬರೂ ಬದಲಾಯಿಸಿದರು. ವಿಚಿತ್ರವೆಂದರೆ ಇಬ್ಬರೂ ಒಂದೇ ಹೊಸ ಹೊತ್ತಿಗೆ ಬದಲಾಯಿಸಿದರು. ಕ್ಲಬ್‌ಹೌಸಿನ ಲಿಫ್ಟಿನಲ್ಲಿ ಸಿಕ್ಕಿದರೆ ಒಬ್ಬರು ಫ್ಯಾನ್ ನೋಡುತ್ತಿದ್ದರು, ಇನ್ನೊಬ್ಬರು ಗುಂಡಿಗಳನ್ನು ಎಣಿಸುತ್ತಿದ್ದರು. ನಾನು ಒಂದು ಸಲ ಆ ಮುಚ್ಚಳದ ಮೇಲೆ ಸಂಡಿಗೆ ಒಣಗಿಸಿದ್ದಕ್ಕೆ ಇವರು, "ತೊಳೆದಿಡು. ನಾಳೆ ಪೂಣಚ್ಚ ತಾನಾಗೇ ಬಂದು ಕೇಳಿದರೆ?" ಎಂದು ಗದರಿದರು.

ಕಳೆದ ಚಳಿಗಾಲವನ್ನು ಇವರು ಎಂದಿನ ಹಾಗೆ ದಾಟಲ್ಲ ಎಂದರು. ನಾನು ಎಂದಿನ ಹಾಗೆ ಸ್ವೆಟರ್ ಹಾಕ್ಕೊಳ್ಳಿ ಎಂದೆ. ಅವರು ದಾಟಿದರು. ಮಾರ್ಚಿನಲ್ಲಿ ಬಿಸಿಲು ಬಂತು, ಸ್ವೆಟರನ್ನು ಒಗೆದು ಪೆಟ್ಟಿಗೆಗೆ ಹಾಕಿದೆವು. ಅದಾದ ನಾಲ್ಕನೆಯ ದಿನ, ಸ್ನಾನ ಮಾಡಿ ಬಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಅಷ್ಟೇ. ಇದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಶ್ರದ್ಧಾಂಜಲಿ ಸಭೆಯ ಮಾತು ಬಂತು. ವಾಟ್ಸಾಪಿನಲ್ಲಿ ಎರಡು ಕರೆಯೋಲೆಗಳು. ಪೂಣಚ್ಚನವರ ಕೂಟದ್ದು ಭಾನುವಾರ ಹನ್ನೊಂದಕ್ಕೆ ಕ್ಲಬ್‌ಹೌಸಿನಲ್ಲಿ. ಆರು ಮನೆಯವರದ್ದು ಅದೇ ಭಾನುವಾರ, ಅದೇ ಹನ್ನೊಂದಕ್ಕೆ, ನಮ್ಮ ಬ್ಲಾಕಿನ ಕೆಳಗೆ. ಇಬ್ಬರಿಗೂ ಕಟ್ಟು ಹಾಕಿಸಿದ ಫೋಟೋ ಬೇಕು. ಫೋಟೋ ಇದ್ದದ್ದು ಒಂದೇ. "ಮೊದಲು ನಮ್ಮಲ್ಲಿ ಹಾರ ಹಾಕ್ಲಿ ಆಂಟಿ, ಅರ್ಧ ಗಂಟೆ ಆದ್ಮೇಲೆ ಆ ಕಡೆ ಕಳಿಸೋಣ" ಎಂದಳು ಆರು ಮನೆಯ ಪೈಕಿ ಶ್ಯಾಮಲಾ. ಬದುಕಿದ್ದಾಗ ಆಟೋದವರು ಗಡಿಯಲ್ಲಿ ಇಳಿಸುತ್ತಿದ್ದರು. ಈಗ ಫೋಟೋಕ್ಕೂ ಅದೇ ಗತಿಯೇ ಎನ್ನಿಸಿತು.

ಆ ಸಂಜೆ ಫರೀದಾಬಾದಿನಿಂದ ಮಗಳು ನಂದಿನಿ ಬಂದಿದ್ದಳು. ಅವಳು ಹುಟ್ಟಿ ಬೆಳೆದದ್ದೆಲ್ಲ ದೆಹಲಿಯಲ್ಲೇ. ಕನ್ನಡ ಶುರು ಮಾಡಿ ಹಿಂದಿಯಲ್ಲಿ ಮುಗಿಸುತ್ತಾಳೆ. ಪುಸ್ತಕದ ಕೊನೆಯ ಹಾಳೆಗಳ ವಿಷಯವನ್ನು ಫೋನಿನಲ್ಲಿ ನೋಡಿಕೊಡುತ್ತೇನೆಂದು ಎಷ್ಟು ಸಲ ಹೇಳಿದರೂ ಅವಳಪ್ಪ, "ಬೇಡ, ಗೊತ್ತಾದರೆ ಮುಗಿದುಹೋಗುತ್ತೆ" ಎನ್ನುತ್ತಿದ್ದರು. ಈಗ ನಾನೇ ನೋಡು ಎಂದೆ.

"ಅಮ್ಮಾ, ಇವ್ರು ಎಂಬತ್ತು ದಾಟಿ ಬದುಕಿದ್ರು! ಪೂರೀ ಲೈಫ್ ಹುಷಾರಿಲ್ಲ, ಬೀಮಾರ್ ಅಂತ, ಔರ್ ದೇಖೋ."

ನಾವಿಬ್ಬರೂ ನಕ್ಕೆವು. ಅವರು ಹೋದ ಮೇಲೆ ಈ ಮನೆಯಲ್ಲಿ ಅದೇ ಮೊದಲ ನಗು.

"ಆ ಎರಡು ಭಾಗ ಆಮೇಲೆ ಒಂದಾದವಾ?" ಎಂದೆ.

ಅವಳು ಬೆರಳಿನಿಂದ ಪರದೆ ಸರಿಸುತ್ತ ಹೋದಳು. "ನಹೀಂ ಅಮ್ಮಾ. ಅಭೀ ತಕ್ ನಹೀಂ."

ಇನ್ನೂ ಇಲ್ಲ. ನೂರು ವರ್ಷದ ಮೇಲಾಯಿತಂತೆ. ನನಗೆ ಅಷ್ಟು ಕಾಲವಿರಲಿಲ್ಲ, ಸಭೆ ಭಾನುವಾರ ಇತ್ತು. ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಬೇಕು ಎಂಬುದೊಂದೇ ನಮ್ಮವರ ಹಟವಾಗಿತ್ತು. ಒಂದು ದಿನದ ಮಟ್ಟಿಗಾದರೂ ಅದು ಆಗದಿದ್ದರೆ ಹಾರ ಯಾತಕ್ಕೆ? ನಾನು ಬಾಲ್ಕನಿಗೆ ಹೋಗಿ ಮುಚ್ಚಳ ಎತ್ತಿಕೊಂಡೆ. ಗೇಟಿನ ಗಾರ್ಡ್, "ಮಾತಾಜಿ, ಪಾರ್ಟಿ ಹೈ ಕ್ಯಾ?" ಎಂದು ಕೇಳಿದ. "ಹಾಂ" ಎಂದೆ.

ಪೂಣಚ್ಚನವರೇ ಬಾಗಿಲು ತೆಗೆದರು. ನನ್ನನ್ನೂ ಮುಚ್ಚಳವನ್ನೂ ನೋಡಿದರು.

"ಏನಕ್ಕಾ ಇದು?"

"ಕ್ರಮಸಂಖ್ಯೆ ಎಂಟು."

ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಸಭೆ ಒಂದೇ ಆಗಬೇಕು ಪೂಣಚ್ಚನವರೇ. ಇಲ್ಲದಿದ್ದರೆ ಯಾವುದೂ ಬೇಡ. ಫೋಟೋನೂ ಕೊಡಲ್ಲ."

"ಒಂದೇ ಅಂದ್ರೆ... ಯಾವ ಕೂಟದ್ದು ಅಕ್ಕ?"

"ನನ್ನದು."

"ನೀವು ಕೂಟ ಅಲ್ವಲ್ಲ."

"ಅಲ್ಲ. ಹೋಗಿರೋದು ಕೂಟದ ಗಂಡ ಅಲ್ಲ, ನನ್ನ ಗಂಡ."

ಅಡುಗೆಮನೆಯಿಂದ ಅವರ ಹೆಂಡತಿ ಮುತ್ತಮ್ಮ ಕೈ ಒರೆಸಿಕೊಳ್ಳುತ್ತ ಬಂದರು. "ಹೂಂ ಅನ್ನಿ ಸಾಕು. ಆರು ವರ್ಷದಿಂದ ಆ ಪಾತ್ರೆ ಮೇಲೆ ಹಿಟ್ಟು ಕಲಸೋ ಪರಾತ ಕವುಚಿ ಕವುಚಿ ನನಗೆ ಸಾಕಾಗಿದೆ ಶಾರದಕ್ಕ. ಹೊಸ ಮುಚ್ಚಳ ತನ್ನಿ ಅಂದ್ರೆ, ಬೇಡ, ಮೂರ್ತಿ ತಾನಾಗೇ ತಂದು ಕೊಡ್ತಾನೆ ಅಂತಿದ್ರು."

ಪೂಣಚ್ಚನವರು ಫ್ಯಾನ್ ನೋಡಿದರು. ಲಿಫ್ಟಿನಲ್ಲಿ ನೋಡುತ್ತಿದ್ದ ಹಾಗೆಯೇ.

ಭಾನುವಾರ ಮೂವತ್ತು ಮನೆಯವರೂ ಕ್ಲಬ್‌ಹೌಸಿಗೆ ಬಂದರು. ಭಾಟಿಯಾ ಆಂಟಿಯೂ ಬಂದರು, ಅವರೂ ಸಹಿ ಮಾಡಿದವರೇ ತಾನೆ. ಮೇಜಿನ ಮೇಲೆ ಇವರ ಫೋಟೋ, ಪಕ್ಕದಲ್ಲಿ ವಕೀಲರ ಪುಸ್ತಕ. ಹಿಂದಿನ ಅಂಗಳದಲ್ಲಿ ಬಿಸಿಬೇಳೆಬಾತ್ ಕುದಿಯುತ್ತಿತ್ತು. ಆರು ವರ್ಷದ ಮೇಲೆ ಪಾತ್ರೆಗೆ ಮುಚ್ಚಳ ಇಡುವ ಗಳಿಗೆ ಬಂತು. ಇಟ್ಟರೆ ಕೂರಲಿಲ್ಲ! ಪಾತ್ರೆಯ ಅಂಚು ಈ ನಡುವೆ ಎಲ್ಲೋ ತಾಗಿ ಸೊಟ್ಟಗಾಗಿತ್ತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಆವಿ ಹೊರಗೆ ಹೋಗುತ್ತಿತ್ತು. ಭಾರ ಏನಾದರೂ ಇಡಿ ಎಂದು ಎಲ್ಲರೂ ಕೂಗಿದರು. ಪೂಣಚ್ಚನವರು ಸರಸರನೆ ಒಳಗೆ ಹೋಗಿ ಪುಸ್ತಕವನ್ನು ತಂದರು. ತಮ್ಮ ಹೆಗಲ ಟವೆಲಿನಲ್ಲಿ ಸುತ್ತಿ ಮುಚ್ಚಳದ ಏಳುವ ಕಡೆ ಇಟ್ಟರು.

"ಕೂತ್ಕೊಳ್ರಿ ವಕೀಲ್ರೇ. ಇವತ್ತಾದ್ರೂ ಎರಡನ್ನ ಸೇರಿಸಿ ಹಿಡ್ಕೊಳ್ಳಿ."

ಇಪ್ಪತ್ತು ನಿಮಿಷ ವಕೀಲರು ಅಲುಗದೆ ಕೂತರು.

ಸಭೆಯಲ್ಲಿ ಪೂಣಚ್ಚನವರೇ ಮೊದಲು ಮಾತಾಡಿದರು. ಮೈಕೂ ಸ್ಟ್ಯಾಂಡೂ ಆ ದಿನ ಒಟ್ಟಿಗಿದ್ದವು. "ಮೂರ್ತಿ ಹೇಳಿದ್ದು ಆಗಲೂ ತಪ್ಪು, ಈಗಲೂ ತಪ್ಪು" ಎಂದು ಶುರು ಮಾಡಿದರು. ಆರು ಮನೆಯವರ ಸಾಲಿನಲ್ಲಿ ಕುರ್ಚಿಗಳು ಕಿರುಗುಟ್ಟಿದವು. "ಆದ್ರೆ ಲಿಫ್ಟಲ್ಲಿ ಮಾತಾಡದೇ ಇರೋಣ ಅಂದ್ರೆ ಈಗ ನನಗೆ ಯಾರೂ ಇಲ್ಲ" ಎಂದರು. ಅಷ್ಟು ಹೇಳಿ ಕೂತುಬಿಟ್ಟರು. ಸುಬೇದಾರರು ಅಷ್ಟು ಬಗ್ಗಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಊಟವಾದ ಮೇಲೆ ಪಾತ್ರೆ ತೊಳೆದು ಮುಚ್ಚಳ ಮುಚ್ಚಿ, "ಇನ್ನು ಎರಡೂ ನಮ್ಮಲ್ಲೇ ಇರಲಿ ಅಕ್ಕ. ಇನ್ನು ಭೇದ ಯಾಕೆ?" ಎಂದರು ಪೂಣಚ್ಚನವರು. ಒಳ್ಳೆಯ ಮಾತೇ. ಹೂಂ ಎನ್ನಲು ಬಾಯಿ ತೆರೆದೆ. ಯಾಕೋ ವಿಮಲಾಳ ನೆನಪು ಬಂತು. ಮೂರನೆಯ ದಿನ ಮಣೆಯನ್ನು ಸೊಂಟಕ್ಕೇರಿಸಿಕೊಂಡು ನನ್ನ ಎದುರು ಬಂದು ನಿಂತು, "ಬೀಜ ತಾರೇ" ಎಂದಿದ್ದಳು. ಅಮ್ಮ ಒಳಗಿನಿಂದ ನೋಡಿಯೂ ನೋಡದ ಹಾಗೆ ಮೊಸರು ಕಡೆಯುತ್ತಿದ್ದರು.

"ಬೇಡ. ಮುಚ್ಚಳ ನಮ್ಮ ಪಾಲಿನದು" ಎಂದು ಎತ್ತಿಕೊಂಡು ಮನೆಗೆ ಬಂದೆ. ನಂದಿನಿಗೆ ತುಂಬಾ ಸಿಟ್ಟು ಬಂತು. "ಅಮ್ಮಾ, ಅಪ್ಪನಿಗಿಂತ ಜಾಸ್ತಿ ಜಿದ್ದೀ ಆಗಿದೀಯ" ಎಂದಳು. ಪುಸ್ತಕವನ್ನೂ ತಂದಿದ್ದೆ. ಈಗ ಅದನ್ನು ತೆರೆದರೆ ಐರ್ಲೆಂಡ್ ಪೂರ್ತಿ ಬಿಸಿಬೇಳೆಬಾತಿನ ವಾಸನೆ. ಅದರ ನಡುವೆ ಮಡಿಸಿಟ್ಟ ಪ್ರತಿಜ್ಞಾಪತ್ರವಿದೆ. 'ನ' ಕಂದುಬಣ್ಣಕ್ಕೆ ತಿರುಗಿದೆ.

ನವೆಂಬರ್ ಬಂತು. ರಾಜ್ಯೋತ್ಸವದ ಊಟಕ್ಕೆ ಎರಡು ದಿನವಿರುವಾಗ, ಬೆಳಗ್ಗೆ ಹತ್ತಕ್ಕೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಪೂಣಚ್ಚನವರು, ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಂಡು.

"ಅಕ್ಕಾ, ಎಂಟನೇ ನಂಬರ್ ಬೇಕಿತ್ತು."

"ಕೂತ್ಕೊಳ್ಳಿ, ಕಾಫಿ ಆಗ್ತಿದೆ."

ಇವರ ಕುರ್ಚಿಯನ್ನು ಬಿಟ್ಟು ಪಕ್ಕದ್ದರಲ್ಲಿ ಕೂತರು. ಕಾಫಿ ಕುಡಿಯುತ್ತ ಎರಡು ಸಲ ಕೆಮ್ಮಿದರು. "ಎದೆ ಕಟ್ಟಿದೆ ಅಕ್ಕ. ಈ ಸಲದ ಚಳಿ ನಾನು ದಾಟೋದು ಕಷ್ಟ" ಎಂದರು.

"ಏನೂ ಆಗಲ್ಲ, ಸ್ವೆಟರ್ ಹಾಕ್ಕೊಳ್ಳಿ" ಎಂದುಬಿಟ್ಟೆ.

ಹೇಳಿದ ಮೇಲೆ ನನಗೆ ಗೊತ್ತಾಯಿತು. ಅವರಿಗೂ ಗೊತ್ತಾಯಿತೋ ಏನೋ, ಲೋಟದೊಳಗೇ ನೋಡುತ್ತಿದ್ದರು. ನಾನು ಎದ್ದು ಬಾಲ್ಕನಿಗೆ ಹೋದೆ. ಸೆರಗಿನಿಂದ ಮೊದಲು ಮುಖ, ಆಮೇಲೆ ಮುಚ್ಚಳ ಒರೆಸಿದೆ. ಆ ಕ್ರಮವೇ ಸರಿ, ಧೂಳು ಜಾಸ್ತಿ ಇತ್ತು. ತಂದು ಅವರ ಕೈಗೆ ಕೊಟ್ಟೆ.

"ಊಟ ಆದ ಮಾರನೇ ದಿನವೇ ತೊಳೆದು ವಾಪಸ್ ತಂದುಕೊಡಬೇಕು. ನೀವೇ ತರಬೇಕು" ಎಂದೆ.